ಅಜ್ಜಿಯರ ಕೋಟಾ

ಮೈಸೂರಿನ ಹೊರವಲಯದ ಆ ಕಾರ್ಖಾನೆಯಲ್ಲಿ ಕುಕ್ಕರಿಗೆ ಹಾಕುವ ರಬ್ಬರ್ ಗ್ಯಾಸ್ಕೆಟ್ ತಯಾರಾಗುತ್ತಿತ್ತು. ಕೆಲಸಗಾರರು ಅರವತ್ತು ಮಂದಿ. ಒಂದೇ ವರ್ಷದಲ್ಲಿ ಅವರ ಅಜ್ಜಿಯರು ನೂರ ನಲವತ್ತು ಮಂದಿ ತೀರಿಕೊಂಡಿದ್ದರು. ಕ್ರಿಕೆಟ್ ಪಂದ್ಯ ಇದ್ದ ದಿನವಂತೂ ಏಳೆಂಟು ಮಂದಿ ಒಟ್ಟಿಗೇ ಹೋಗುತ್ತಿದ್ದರು.

ರಜೆ ಅರ್ಜಿ ನೋಡಿಕೊಳ್ಳುತ್ತಿದ್ದ ಟೈಮ್ ಆಫೀಸಿನ ಗುಮಾಸ್ತ ಫಣಿರಾಜನಿಗೆ ಇದನ್ನು ಕಂಡು ಮೈಯೆಲ್ಲ ಉರಿಯುತ್ತಿತ್ತು. ಅವನಿಗೆ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಯಲು ಬರುತ್ತಿತ್ತು. ಮ್ಯಾಕ್ರೋ ಎಂದರೆ ದೊಡ್ಡ ವಿದ್ಯೆಯೇನಲ್ಲ. ಹೀಗಾದರೆ ಹೀಗೆ ಮಾಡು ಎಂದು ಕಂಪ್ಯೂಟರಿಗೆ ಮೊದಲೇ ಬರೆದಿಡುವ ಅಪ್ಪಣೆ. ಒಂದು ವಾರ ಕೂತು ಅವನು ರಜೆಗೊಂದು ಫಾರಂ ಮಾಡಿದ.

ಹೆಸರು ಒತ್ತಿದರೆ ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಅಜ್ಜಿಯರಿಗೆ ಎರಡೇ ಜಾಗ: ತಾಯಿಯ ತಾಯಿ, ತಂದೆಯ ತಾಯಿ. ಒಬ್ಬರು ತೀರಿಕೊಂಡರು ಎಂದು ಒಮ್ಮೆ ನಮೂದಿಸಿದರೆ ಆ ಜಾಗ ಶಾಶ್ವತವಾಗಿ ಬಂದ್. ಮೂರನೇ ಸಲ ಬಂದವರಿಗೆ, ‘ನಿಮ್ಮ ಅಜ್ಜಿಯರ ಕೋಟಾ ಮುಗಿದಿದೆ’ ಎಂಬ ಉತ್ತರ. ಕೆಳಗೆ ‘ಸರಿ’ ಎಂಬ ಒಂದೇ ಒಂದು ಬಟನ್. ಜನ ಪೆಟ್ಟಿಗೆ ಮುಚ್ಚಿ ತಪ್ಪಿಸಿಕೊಳ್ಳಬಾರದೆಂದು ಮೂಲೆಯ ಗುಣಾಕಾರ ಚಿಹ್ನೆ ಕೆಲಸ ಮಾಡದ ಹಾಗೆಯೂ ಮಾಡಿದ್ದ. ತನ್ನ ಹೆಸರನ್ನೇ ಹಾಕಿ ಮೂರು ಸಲ ಪರೀಕ್ಷೆ ಮಾಡಿದ. ಮೂರನೇ ಸಲ ಕೋಟಾ ಮುಗಿದಿದೆ ಎಂದು ಬಂದಾಗ ತೊಡೆ ತಟ್ಟಿ ನಕ್ಕ. ಸೇವ್ ಮಾಡಿ, ಮ್ಯಾನೇಜರ್ ಲೋಕೇಶಪ್ಪನವರ ಕೈಯಲ್ಲೇ ಪಾಸ್‌ವರ್ಡ್ ಹಾಕಿಸಿ ಬೀಗ ಜಡಿದ.

“ಇನ್ನು ನಾನೂ ಇದನ್ನ ಬದಲಾಯಿಸೋಕಾಗಲ್ಲ ಸಾರ್. ಮನುಷ್ಯರು ಸುಳ್ಳು ಹೇಳ್ತಾರೆ, ಕಂಪ್ಯೂಟರ್ ಹೇಳಲ್ಲ” ಎಂದ. ಲೋಕೇಶಪ್ಪನವರು ಬೆನ್ನು ತಟ್ಟಿದರು. ಫಾರಂ ಒಪ್ಪದ ರಜೆ ಯಾರಿಗೂ ಇಲ್ಲ ಎಂದು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರು. ಕೆಲವೇ ತಿಂಗಳಲ್ಲಿ ಎಲ್ಲರ ಕೋಟಾ ಮುಗಿದು ಅಜ್ಜಿಯರ ಸಾವು ನಿಂತೇ ಹೋಯಿತು.

ಒಂದು ಗುರುವಾರ ಪ್ಯಾಕಿಂಗ್ ವಿಭಾಗದ ಪುಟ್ಟಸಿದ್ದಮ್ಮ ಬಂದಳು. ಅವಳ ಇಬ್ಬರು ಅಜ್ಜಿಯರು ನಿಜವಾಗಿಯೇ ಸತ್ತಿದ್ದರು. ಎರಡೂ ಜಾಗ ಬಂದ್ ಆಗಿತ್ತು.

“ಸಾರ್, ನಮ್ಮಜ್ಜಿಗೆ ಜೋರಾಗಿ ಕಾಯಿಲೆ ಬಂದದೆ. ನಮ್ ತಾತಂಗೆ ಇಬ್ರು ಹೆಂಡ್ತೀರು. ಇವಳು ಎರಡನೆಯೋಳು, ನನ್ನ ಸಾಕಿದೋಳು.”

ಫಣಿರಾಜ ಅವಳ ಹೆಸರು ಒತ್ತಿ ‘ಅಜ್ಜಿಗೆ ಕಾಯಿಲೆ’ ಎಂದು ನಮೂದಿಸಿದ. ‘ಸತ್ತವರಿಗೆ ಕಾಯಿಲೆ ಬರುವುದಿಲ್ಲ’ ಎಂದಿತು ಪೆಟ್ಟಿಗೆ.

“ನೋಡಮ್ಮ, ಫಾರಂನಲ್ಲಿ ಇರೋದು ಎರಡೇ ಜಾಗ.”

“ಜಾಗ ಮಾಡಿದೋರು ನೀವೇ ಅಲ್ವಾ ಸಾರ್?”

ಫಣಿರಾಜ ಮುಂದಿನ ಅರ್ಜಿ ಕೈಗೆತ್ತಿಕೊಂಡ. ಅವಳು ತಾನೇ ‘ಸರಿ’ ಒತ್ತಿ ಪ್ಯಾಕಿಂಗಿಗೆ ವಾಪಸಾದಳು.

ಎರಡು ವಾರ ಕಳೆಯಿತು. ಬೆಳಗ್ಗೆ ಹತ್ತರ ಹೊತ್ತಿಗೆ ಫಣಿರಾಜನ ಚಿಕ್ಕಪ್ಪನ ಫೋನ್ ಬಂತು. ಅಪ್ಪನ ತಾಯಿ, ಫಣಿರಾಜನನ್ನು ಎತ್ತಿ ಆಡಿಸಿದ ಅಜ್ಜಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. “ಮಧ್ಯಾಹ್ನ ಆಪರೇಷನ್ ಕಣೋ. ಫಣಿ ಬರೋವರೆಗೂ ಒಳಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾರೆ. ಡಾಕ್ಟ್ರು ಬೈತಿದ್ದಾರೆ, ಬೇಗ ಬಾ!”

ಫಣಿರಾಜ ತನ್ನ ಹೆಸರು ಒತ್ತಿ ಅಜ್ಜಿಗೆ ಕಾಯಿಲೆ ಎಂದು ನಮೂದಿಸಿದ. ‘ಸತ್ತವರಿಗೆ ಕಾಯಿಲೆ ಬರುವುದಿಲ್ಲ.’

ಆಗ ನೆನಪಾಯಿತು. ಪರೀಕ್ಷೆ ಮಾಡುವ ದಿನ ಇಬ್ಬರು ಅಜ್ಜಿಯರನ್ನೂ ತಾನೇ ಕೊಂದು, ಸೇವ್ ಮಾಡಿ, ಅಳಿಸುವುದನ್ನು ಮರೆತಿದ್ದ. ಮೂಲೆಯ ಚಿಹ್ನೆ ಒತ್ತಿದ, ಪೆಟ್ಟಿಗೆ ಮಿಸುಕಲಿಲ್ಲ. ಬೇರೆ ದಾರಿಯಿಲ್ಲದೆ ‘ಸರಿ’ ಒತ್ತಿ ಮ್ಯಾನೇಜರ್ ಬಳಿ ಓಡಿದ.

ಲೋಕೇಶಪ್ಪನವರು ತಮ್ಮ ಪರದೆಯಲ್ಲಿ ನೋಡಿ ಕನ್ನಡಕ ಸರಿಮಾಡಿಕೊಂಡರು. “ಇಬ್ಬರೂ ತೀರಿಕೊಂಡಿದ್ದಾರಲ್ಲ ಫಣಿರಾಜ್. ಅದೂ ಒಂದೇ ದಿನ, ಐದು ನಿಮಿಷದ ಅಂತರದಲ್ಲಿ.”

“ಅದು ಸುಮ್ಮನೆ ಟೆಸ್ಟಿಂಗಿಗೆ ಸಾರ್! ಅಜ್ಜಿ ಬದುಕಿದ್ದಾರೆ!”

“ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದೋರು ನೀವೇ ಅಲ್ವೇನ್ರಿ? ಇವತ್ತು ನಿಮಗೆ ಬಿಟ್ಟರೆ ನಾಳೆ ಅರವತ್ತು ಜನಕ್ಕೂ ಬಿಡಬೇಕು.”

ಫಣಿರಾಜನ ಕಣ್ಣಲ್ಲಿ ನೀರೇ ಬಂತು. ಪ್ಯಾಕಿಂಗ್ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿಸಲು ಬಂದ ಪುಟ್ಟಸಿದ್ದಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಸಾರ್, ಅವರಜ್ಜಿ ಬದುಕವ್ರೆ. ಫಾರಂ ಬಂದ್ಮೇಲೆ, ಆಯುಧಪೂಜೆ ದಿನ ಅವ್ರೇ ಡಬ್ಬಿ ತುಂಬ ಕೋಡುಬಳೆ ತಂದು ಎಲ್ಲರಿಗೂ ಕೊಟ್ಟಿರ್ನಿಲ್ವಾ? ನೀವೂ ತಿಂದ್ರಿ.”

ಲೋಕೇಶಪ್ಪನವರ ಮುಖ ಬದಲಾಯಿತು. “ಆ ಕೋಡುಬಳೆ ಅಜ್ಜಿನಾ? ನನಗೆ ಎರಡನೇ ಸಲವೂ ಬಡಿಸಿದ್ರಲ್ರೀ! ಮೊದಲೇ ಹೇಳಬಾರದಾ? ಹೊರಡಿ, ಹೊರಡಿ!”

ಫಣಿರಾಜ ಆಸ್ಪತ್ರೆಗೆ ತಲುಪಿದ. ಅಜ್ಜಿ ಅವನ ಕೆನ್ನೆ ಸವರಿ, ತಡವಾದ ಕಾರಣವನ್ನು ಅವನಿಂದ ಕೇಳಿ ತಿಳಿದು, “ನನ್ನನ್ನ ಆಗಲೇ ಸಾಯಿಸಿಬಿಟ್ಟಿದ್ಯೇನೋ ಮುಂಡೇದೆ?” ಎಂದು ನಗುತ್ತಲೇ ಒಳಗೆ ಹೋದರು. ಆಪರೇಷನ್ ಚೆನ್ನಾಗಿ ಆಯಿತು.

ಕೆಲಸಕ್ಕೆ ಮರಳಿದ ದಿನ ಫಣಿರಾಜ ನೇರ ಪ್ಯಾಕಿಂಗ್ ವಿಭಾಗಕ್ಕೆ ಹೋದ. “ನಿಮ್ಮಿಂದ ನಮ್ಮಜ್ಜಿ ಮುಖ ನೋಡಿದೆ ಪುಟ್ಟಸಿದ್ದಮ್ಮ. ನಿಮ್ಮಜ್ಜಿ ಹೇಗಿದ್ದಾರೆ?”

ಅವಳು ಗ್ಯಾಸ್ಕೆಟ್ ಎಣಿಸುವುದನ್ನು ನಿಲ್ಲಿಸಲಿಲ್ಲ. “ನಾನು ರಜೆ ಕೇಳಿದ ವಾರಾನೇ, ಶನಿವಾರ ಸಂಜೆ ಹೋಗ್ಬುಟ್ಲು ಸಾರ್. ಭಾನುವಾರ ಮಣ್ಣಿಗೆ ಹೋಗಿದ್ದೆ. ಮುಖ ನೋಡ್ದೆ. ಮಾತಾಡ್ಸೋಕಾಗ್ನಿಲ್ಲ.”

ಇಷ್ಟಾದರೂ ಅವಳು ಫಣಿರಾಜನ ಪರವಾಗಿ ಸಾಕ್ಷಿ ಹೇಳಿದ್ದಳು. “ತಪ್ಪಾಯ್ತಮ್ಮ” ಎಂದ ಅವನು.

ಅಂದೇ ಲೋಕೇಶಪ್ಪನವರಿಂದ ಬೀಗ ತೆಗೆಸಿ, ನೋಟಿಸ್ ಬೋರ್ಡಿನ ಚೀಟಿಯನ್ನೂ ಕೀಳಿಸಿದ. ಪೆಟ್ಟಿಗೆಯಲ್ಲಿ ‘ಸರಿ’ಯ ಪಕ್ಕ ಇನ್ನೊಂದು ಬಟನ್ ಇಟ್ಟ: ‘ಸರಿಯಿಲ್ಲ, ಬಂದು ಹೇಳುತ್ತೇನೆ.’ ಕ್ರಿಕೆಟ್ ದಿನಗಳಲ್ಲಿ ಅಜ್ಜಿಯರು ಮತ್ತೆ ಒಬ್ಬಿಬ್ಬರು ಸಾಯತೊಡಗಿದರು, ನಿಜ. ಫಣಿರಾಜ ಆ ಬಟನ್ ಒತ್ತಿ ಬಂದವರನ್ನು ಎದುರಿಗೆ ಕೂರಿಸಿಕೊಂಡು, “ನಿಮ್ಮಜ್ಜಿ ಏನು ಚೆನ್ನಾಗಿ ಮಾಡ್ತಿದ್ರು?” ಎಂದಷ್ಟೇ ಕೇಳುತ್ತಿದ್ದ. ಸುಳ್ಳು ಹೇಳಲು ಬಂದವರು ತಡವರಿಸಿ ಎದ್ದು ಹೋಗುತ್ತಿದ್ದರು. ನಿಜ ಹೇಳುವವರ ಕಣ್ಣು ತುಂಬುತ್ತಿತ್ತು.

ನೀತಿ: ಸುಳ್ಳುಗಾರರನ್ನು ತಡೆಯಲು ನಿಯಮ ಮಾಡಿದರೆ ತಪ್ಪಲ್ಲ. ಆದರೆ ನಿಜ ಹೇಳುವವರು ಬಂದು ನಿಲ್ಲಲು ಅದರಲ್ಲಿ ಒಂದು ಜಾಗ ಬಿಡಿ. ಒಂದು ದಿನ ಅಲ್ಲಿ ನಿಲ್ಲಬೇಕಾದವರು ನೀವೇ ಆಗಿರಬಹುದು.