ಮಜ್ಜಿಗೆಗೆ ಕಾದ ಸಂಧಿ

1971ರ ಡಿಸೆಂಬರ್ 12, ಭಾನುವಾರ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಮೊದಲು ಶಿಷ್ಯನ ಪ್ರಶ್ನೆ ಇದೆ, ಕೆಳಗೆ ಗುರುಗಳ ಉತ್ತರ.

"ಗುರುಗಳೇ, ಒಂದು ದೇಶ ಪೂರ್ತಿಯಾಗಿ ಯುದ್ಧಕ್ಕೆ ಎದ್ದು ನಿಂತ ಮೇಲೆ ಅದನ್ನು ಮತ್ತೆ ಕೂರಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೊಳೆ. ಅದರ ಎರಡು ದಡಗಳಲ್ಲಿ ಎರಡು ರಾಜ್ಯ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯ ನಡುವೆ ಒಂದು ಮರಳುದಿಬ್ಬ ಏಳುತ್ತಿತ್ತು. ಅಲ್ಲಿ ಕಲ್ಲಂಗಡಿ ಚೆನ್ನಾಗಿ ಬರುತ್ತಿತ್ತು. ಒಂದು ವರ್ಷ ಇಬ್ಬರು ರಾಜರೂ ದಿಬ್ಬ ತಮ್ಮದು ಎಂದರು.

ಈಚೆ ದಡದಲ್ಲಿ ಒಂದು ಛತ್ರವಿತ್ತು. ಅಲ್ಲಿ ಒಬ್ಬ ಅಡುಗೆಯವಳು ಮತ್ತು ಅವಳ ಗಂಡ ಇದ್ದರು. ಅವಳು ಅಡುಗೆ ಮಾಡುತ್ತಿದ್ದಳು, ಅವನು ಬಡಿಸುತ್ತಿದ್ದ. ಹೊಳೆ ದಾಟುವವರು ಯಾವ ದಡದವರಾದರೂ ಅಲ್ಲಿ ಉಂಡೇ ಹೋಗುತ್ತಿದ್ದರು.

ಡಂಗುರ ಹೊಡೆಸಿದರು. ದೇಶ ಸಿದ್ಧವಾಗತೊಡಗಿತು. ಕೊಪ್ಪರಿಗೆ, ಗಂಟೆ, ಜಾಗಟೆ ಎಲ್ಲ ಫಿರಂಗಿಯ ಎರಕಕ್ಕೆ ಹೋದವು. ಕಮ್ಮಾರರೆಲ್ಲ ಕತ್ತಿ ಬಡಿಯಲು ಹೋದರು. ಎತ್ತುಗಳಿಗೆ ಲಾಳ ಕಟ್ಟುವವರಿಲ್ಲದೆ ಫಿರಂಗಿ ಅರಮನೆಯ ಅಂಗಳದಲ್ಲೇ ನಿಂತಿತು. ಕ್ಷೌರಿಕರೆಲ್ಲ ಸೈನಿಕರ ತಲೆ ಬೋಳಿಸಲು ಹೋದದ್ದರಿಂದ ಮಂತ್ರಿಗಳಿಗೆ ಗಡ್ಡ ಬೆಳೆಯಿತು. ಅದು ದೇಶಪ್ರೇಮದ ಗಡ್ಡವೆಂದು ಆಸ್ಥಾನ ಕವಿ ಹಾಡಿದ. ಆಮೇಲೆ ಕವಿಯನ್ನೂ ಕರೆದೊಯ್ದು ಕೈಗೆ ಕಹಳೆ ಕೊಟ್ಟರು.

ಛತ್ರಕ್ಕೆ ದಳವಾಯಿ ತಾನೇ ಬಂದ. ದೊಡ್ಡ ಹಂಡೆಯನ್ನು ಗಾಡಿಗೆ ಏರಿಸಿದ. ಅವಳ ಗಂಡನಿಗೂ ಏರು ಎಂದ.

"ಹಂಡೆ ಒಯ್ಯುತ್ತೀರಿ, ಸರಿ. ಇವರು ಯಾತಕ್ಕೆ?" ಎಂದಳು ಅಡುಗೆಯವಳು.

"ಹಂಡೆ ಕರಗಿಸಿ ಮಾಡಿದ ಫಿರಂಗಿಯನ್ನು ಎಳೆಯುವವರು ಬೇಡವೇನಮ್ಮ?"

"ಇವರಿಗೆ ಹತ್ತು ಮಾರಿನಾಚೆ ಕಣ್ಣು ಕಾಣದು, ಬುದ್ಧೀ."

"ಯೋಚನೆ ಮಾಡಬೇಡ. ಶತ್ರು ಅದಕ್ಕಿಂತ ಹತ್ತಿರ ಬರುತ್ತಾನೆ."

ಸಿದ್ಧತೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ದಿಬ್ಬ ಮುಳುಗಿತು. ಅಡುಗೆಯವಳು ದಳವಾಯಿಗೆ ನೀರನ್ನು ತೋರಿಸಿದಳು. ಇಷ್ಟೆಲ್ಲ ಕೂಡಿಸಿದ ಮೇಲೆ ದಿಬ್ಬ ಕಾಣುವುದಿಲ್ಲವೆಂದು ಮನೆಗೆ ಹೋಗಲಾಗುವುದೇ ಎಂದು ಅವನು ದೋಣಿ ಹತ್ತಿದ.

ಯುದ್ಧ ನಡೆಯಿತು. ದೋಣಿಗಳು ಹೋದವು, ಕೆಲವು ಬಂದವು. ಮದ್ದು ನೆನೆಯಿತು, ಒಣಗಿತು, ಮತ್ತೆ ಸಿಡಿಯಿತು. ನಾಲ್ಕು ತಿಂಗಳಾದರೂ ಯಾರೂ ಒಂದು ಗೇಣು ನೀರನ್ನು ಗೆಲ್ಲಲಿಲ್ಲ.

ಕೊನೆಗೆ ಸಂಧಿಯ ಮಾತಿಗೆಂದು ಎರಡೂ ಕಡೆಯ ಮಂತ್ರಿಗಳು ಛತ್ರಕ್ಕೆ ಬಂದರು. ಇಬ್ಬರೂ ಊಟಕ್ಕೆ ಕೂತಿರುವಷ್ಟು ಹೊತ್ತು ಯಾರೂ ಗುಂಡು ಹಾರಿಸಬಾರದು. ಸಂಧಿಯಾಗದೆ ಎದ್ದರೆ ಆ ಕ್ಷಣವೇ ಫಿರಂಗಿಗಳಿಗೆ ಬೆಂಕಿ ಎಂದು ಮಾತಾಗಿತ್ತು. ಈಚೆ ದಡದ ಮೊದಲ ಫಿರಂಗಿಯ ಪಕ್ಕದಲ್ಲಿ ಅಡುಗೆಯವಳ ಗಂಡನನ್ನು ನಿಲ್ಲಿಸಿದ್ದರು. ಎದುರು ದಡದ ಮೊದಲ ಗುಂಡು ಬೀಳುವುದು ಅಲ್ಲಿಗೇ. ಅಡುಗೆಮನೆಯ ಕಿಟಕಿಯಿಂದ ಅವನ ರುಮಾಲು ಅವಳಿಗೆ ಕಾಣುತ್ತಿತ್ತು. ಶತ್ರುವಿಗೆ ಬೆನ್ನು ಹಾಕಿ ಅವನು ಬಹಳ ಎಚ್ಚರದಿಂದ ನಿಂತಿದ್ದ.

ಅವಳು ಎದುರುಬದುರಾಗಿ ಎರಡು ಎಲೆ ಹಾಕಿದಳು.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಒಟ್ಟಿಗೆ ಊಟಕ್ಕೆ ಕೂತವರು ಮಜ್ಜಿಗೆ ಅನ್ನ ಉಂಡು ಒಟ್ಟಿಗೇ ಏಳಬೇಕು. ಮಜ್ಜಿಗೆಗೆ ಮೊದಲು ಎದ್ದವನು ಪಂಕ್ತಿ ಕೆಡಿಸಿದವನು. ಅಂಥವನು ಮಂತ್ರಿಯಾದರೆ ಅವನ ರಾಜನೂ ತಲೆ ಎತ್ತುವ ಹಾಗಿರಲಿಲ್ಲ.

"ಮೊದಲು ನಿಮ್ಮ ಸೈನ್ಯ ಹಿಂದೆ ಹೋಗಲಿ" ಎಂದ ಈಚೆಯ ಮಂತ್ರಿ.

"ಮೊದಲು ನಿಮ್ಮದು" ಎಂದ ಆಚೆಯ ಮಂತ್ರಿ. "ಅಮ್ಮ, ಇನ್ನು ಸ್ವಲ್ಪ ಅನ್ನ."

ಮಾತು ಮುಗಿಯದೆ ಊಟ ಮುಗಿಸುವಂತಿರಲಿಲ್ಲ. ಸಾರು ನಾಲ್ಕು ಸಲ ಬಂತು, ಹುಳಿ ಆರು ಸಲ. ಒಬ್ಬ ಕಾಯಿಹಾಲಿನ ಪಾಯಸ ಹಾಕಿಸಿಕೊಂಡರೆ ಇನ್ನೊಬ್ಬ ಬೇಡವೆನ್ನುವಂತಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಸೊಂಟದ ಪಟ್ಟಿ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು.

ಅವಳು ಬಡಿಸಲು ಬಾಗಿದಾಗ ಈಚೆಯ ಮಂತ್ರಿ ಮೆಲ್ಲಗೆ, "ತಾಯೀ, ಮಜ್ಜಿಗೆ ಯಾವಾಗ?" ಎಂದ. ಎದುರು ಎಲೆಗೆ ಹೋದಾಗ ಆಚೆಯ ಮಂತ್ರಿಯೂ ಅಷ್ಟೇ ಮೆಲ್ಲಗೆ ಅದನ್ನೇ ಕೇಳಿದ. ಅವಳು ಒಳಗೆ ಹೋಗಿ ಕಿಟಕಿಯಲ್ಲಿ ಒಮ್ಮೆ ನೋಡಿದಳು. ಹೊರಗೆ ಬಂದು ಇಬ್ಬರಿಗೂ ಕೇಳುವಂತೆ ಹೇಳಿದಳು:

"ಮಜ್ಜಿಗೆ ಇಲ್ಲ. ಹಸುಗಳನ್ನು ಈಚೆಯ ಸೈನ್ಯ ಹೊಡೆದುಕೊಂಡು ಹೋಯಿತು, ಕರುಗಳನ್ನು ಆಚೆಯ ಸೈನ್ಯ. ಕರುವಿನ ಮುಖ ನೋಡದೆ ಹಸು ಹಾಲು ಬಿಡುವುದಿಲ್ಲ. ಎರಡು ಸೈನ್ಯವೂ ಅವನ್ನು ಬಿಟ್ಟು ಊರಿಗೆ ಹೋದರೆ ಮಜ್ಜಿಗೆ. ಅಲ್ಲಿಯವರೆಗೆ ಅನ್ನಕ್ಕೆ ಕೊರತೆಯಿಲ್ಲ, ನಾಚಿಕೆಪಡದೆ ಉಣ್ಣಿ."

ಅನ್ನ ಎಂಬ ಮಾತು ಕೇಳಿ ಇಬ್ಬರು ಮಂತ್ರಿಗಳೂ ಕಣ್ಣು ಮುಚ್ಚಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ಓಲೆ ತರಿಸಿದರು. ಎಂಜಲು ಕೈಯಲ್ಲಿ ರಾಜಮುದ್ರೆ ಮುಟ್ಟುವಂತಿಲ್ಲ. ಕೈ ತೊಳೆಯಲು ಏಳುವಂತಿಲ್ಲ. ಎಡಗೈಯಲ್ಲೇ ಒತ್ತಿದರು. ಆ ಓಲೆಯ ಮೇಲೆ ಎರಡು ಮುದ್ರೆಗಳೂ ಓರೆಯಾಗಿವೆ.

ಅಂದು ಸಂಜೆಯೇ ಸೈನ್ಯಗಳು ಹಿಂದೆ ಸರಿದವು. ಹಸು ಕರುವನ್ನು ಸೇರಿತು. ಹಾಲು ಬಂತು. ಆದರೆ ಹಾಲು ಮೊಸರಾಗಬೇಕಲ್ಲ. ಮಂತ್ರಿಗಳು ಒಣಗಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕೂತಲ್ಲೇ ಕಂಬಕ್ಕೆ ಒರಗಿ ನಿದ್ದೆ ಮಾಡಿದರು.

ಬೆಳಿಗ್ಗೆ ಹಾಲು ಹೆಪ್ಪುಗಟ್ಟಿ ಮೊಸರಾಗಿತ್ತು. ಅವಳು ಕಡೆಗೋಲು ಮುಟ್ಟಲಿಲ್ಲ. ಮಂತ್ರಿಗಳು ಕೇಳಿದರು, ಬೇಡಿಕೊಂಡರು. ಮೊಸರು ಇನ್ನೂ ಹದಕ್ಕೆ ಬಂದಿಲ್ಲವೆಂದಳು. ಬಿಸಿಲೇರಿದ ಮೇಲೆ ಗಂಡ ಬಾಗಿಲಿಗೆ ಬಂದ. ಹೊಸ್ತಿಲು ಎಡವಿದ ಸದ್ದಿನಲ್ಲೇ ಅವಳಿಗೆ ಗೊತ್ತಾಯಿತು. ಆಮೇಲೆ ಕಡೆಯಲು ಕೂತಳು.

ಎರಡೂ ರಾಜ್ಯಗಳಲ್ಲಿ ಗೆದ್ದೆವೆಂದು ನಗಾರಿ ಬಾರಿಸಿದರು. ಈಚೆ ದಡದಲ್ಲಿ ನೂರ ಹನ್ನೆರಡು ಮಂದಿ ಮನೆಗೆ ಬರಲಿಲ್ಲ. ಆಚೆ ದಡದಲ್ಲಿ ತೊಂಬತ್ತೆಂಟು. ನಲವತ್ತು ದೋಣಿ ಹೋದವು. ಮರುಬೇಸಿಗೆ ದಿಬ್ಬ ಎದ್ದಾಗ ಕಲ್ಲಂಗಡಿ ಬೀಜ ಹಾಕಲು ಯಾವ ದಡದಿಂದಲೂ ಯಾರೂ ಹೋಗಲಿಲ್ಲ.

ಶಿಷ್ಯ ನಗು ನಿಲ್ಲಿಸಿ, "ಗುರುಗಳೇ, ಅವಳು ಆ ಊಟಕ್ಕೆ ಯುದ್ಧಕ್ಕೆ ಮೊದಲೇ ಇಬ್ಬರನ್ನೂ ಕರೆಯಬಹುದಿತ್ತಲ್ಲ?" ಎಂದ.

ಗುರುಗಳು ಹೇಳಿದರು: "ಕರೆದಿದ್ದಳು, ಆಗ ಇಬ್ಬರೂ ಹಸಿವಿಲ್ಲ ಎಂದಿದ್ದರು."