ಎಡಗರಿ ಗುಡ್ಡ

ದುರ್ಗದ ಸೀಮೆಯ ಬಯಲಿನಲ್ಲಿ, ಮೇಕೆಗಳಿಗೂ ಬೇಸರ ಬರುವಷ್ಟು ಬೋಳಾಗಿ ನಿಂತಿದೆ ಎಡಗರಿ ಗುಡ್ಡ. ಗರಿ ಎಂಬುದು ಬೇರೆ ಊರಿನವರ ಬಾಯಲ್ಲಿ ಎಷ್ಟು ಚಂದದ ಮಾತು! ನವಿಲಿಗೆ ಗರಿ, ತೆಂಗಿಗೆ ಗರಿ, ಗೆದ್ದವನ ಕಿರೀಟಕ್ಕೆ ಇನ್ನೊಂದು ಗರಿ. ಆಸೆ ಗರಿಗೆದರುತ್ತದೆ, ಹಪ್ಪಳ ಗರಿಗರಿಯಾಗುತ್ತದೆ. ಗುಡ್ಡದ ಬುಡದ ಊರಿನವರು ಮಾತ್ರ ಈ ಮಾತನ್ನು ಬಾಯಿಗೆ ತರುವುದಿಲ್ಲ. ನವಿಲಿನದ್ದನ್ನೂ ಪುಕ್ಕ ಎಂದುಬಿಡುತ್ತಾರೆ. ಚಪ್ಪರಕ್ಕೆ ತೆಂಗಿನ ಸೋಗೆ ತರುತ್ತಾರೆ. ಪರವೂರಿನ ಸೊಸೆ ಬಾಯಿತಪ್ಪಿ ಹಪ್ಪಳ ಗರಿಗರಿಯಾಗಿದೆ ಎಂದರೆ ಅತ್ತೆ ಮುಖ ತಿರುಗಿಸುತ್ತಾಳೆ. ಅವರಿಗೆ ಗರಿ ಎಂದರೆ ಒಂದೇ, ಬಾಣದ ಹಿಂಬದಿಗೆ ಕಟ್ಟುವುದು.

ಹಿಂದೆ ಒಮ್ಮೆ ಇಲ್ಲಿ ತಿಪ್ಪಯ್ಯನೆಂಬ ಬಾಣಗಾರನಿದ್ದನಂತೆ. ಪಾಳೆಯಗಾರನ ಪಡೆಗೆಲ್ಲ ಅವನದೇ ಬಾಣ. ಹದ್ದಿನ ಗರಿ ಆಯ್ದು, ಸೀಳಿ, ನರದಿಂದ ಬಿಗಿಯುವ ಕೆಲಸ. ಒಂದು ಬಾಣಕ್ಕೆ ಒಂದೇ ಮಗ್ಗುಲಿನ ರೆಕ್ಕೆಯ ಗರಿಗಳಾಗಬೇಕು. ಎಡಬಲ ಬೆರೆತರೆ ಬಾಣ ದಾರಿಬಿಟ್ಟು ಪಕ್ಕಕ್ಕೆ ಹೊರಳುತ್ತದೆ. ತಿಪ್ಪಯ್ಯ ಕಟ್ಟಿಕೊಟ್ಟದ್ದನ್ನು ಯಾರೂ ಬಿಟ್ಟು ನೋಡಿ ಪರೀಕ್ಷಿಸುತ್ತಿರಲಿಲ್ಲ ಎನ್ನುತ್ತಾರೆ. ತಾಯಿಯಿಲ್ಲದ ಒಬ್ಬಳೇ ಮಗಳು ಮಾರಕ್ಕನನ್ನು ಅವನು ಆಚೆ ಊರಿನ ಸೂರಯ್ಯನಿಗೆ ಕೊಟ್ಟಿದ್ದ. ಆಮೇಲೆ ಎರಡೂ ಊರಿನ ಪಾಳೆಯಗಾರರಿಗೆ ಯಾವುದೋ ಗಡಿಯ ಜಗಳ ಹತ್ತಿ, ಗುಡ್ಡದ ಕೆಳಗಿನ ಬಯಲಿನಲ್ಲಿ ಕಾಳಗ ನಿಶ್ಚಯವಾಯಿತು. ಮಾರಕ್ಕ ಓಡೋಡಿ ತವರಿಗೆ ಬಂದಳು.

“ಅಪ್ಪಾ, ನಿನ್ ಬಾಣ ಗುರಿ ತಪ್ಪಲ್ಲ. ನನ್ ಗಂಡ ಮುಂದ್ಲ ಸಾಲ್ನಾಗೆ ನಿಂತ್ಕಂತಾನೆ. ನಾನೇನ್ ಮಾಡ್ಲಿ?”

ಉಂಡ ಮನೆಗೆ ಎರಡು ಬಗೆಯುವುದೋ, ಮಗಳ ಕುಂಕುಮ ಅಳಿಸುವುದೋ? ತಿಪ್ಪಯ್ಯ ಕಟ್ಟಿಟ್ಟ ಬಾಣಗಳನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದ. ಕೊನೆಗೆ, “ಅಳಬ್ಯಾಡ ಕಣವ್ವ. ಅವ್ನಿಗೇನೂ ಆಗಲ್ಲ. ಕಾಳಗ ಮುಗಿಯೋಗಂಟ ನೀನ್ ಗುಡ್ಡದ ಮಗ್ಗುಲ ಬಂಡೆ ತಾವ ಕುಂತಿರು, ಕದಲಬ್ಯಾಡ. ಅತ್ಲಾಗೆ ಯಾರೂ ಬಾಣ ಬಿಡಲ್ಲ” ಎಂದ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು, ಕಟ್ಟಿಟ್ಟಿದ್ದ ಪ್ರತಿ ಬಾಣದಿಂದಲೂ ಒಂದು ಬಲಗರಿ ಬಿಚ್ಚಿ ಅಲ್ಲಿಗೆ ಎಡಗರಿ ಬಿಗಿದ. ತನ್ನ ಕೈಕೆಲಸವನ್ನು ತಾನೇ ಕೆಡಿಸುವಾಗ ಅವನಿಗೆ ಅಳುವೇ ಬಂದಿತ್ತಂತೆ.

ಕಾಳಗದ ದಿನ ತಿಪ್ಪಯ್ಯನ ಒಂದು ಬಾಣವೂ ನೆಟ್ಟಗೆ ಹೋಗಲಿಲ್ಲ. ಗಾಳಿಯಲ್ಲಿ ಹೊರಳಿ ಕೆಲವು ಹೊಲಕ್ಕೆ ಬಿದ್ದವು, ಮಿಕ್ಕವು ಗುಡ್ಡದ ಮಗ್ಗುಲಿಗೆ ಎರಗಿದವು.

ಸೂರಯ್ಯ ಒಂದು ಗೀರೂ ಇಲ್ಲದೆ ಮಾವನ ಬಾಗಿಲಿಗೆ ಬಂದ. ತೋಳಿನ ಮೇಲೆ ಮಾರಕ್ಕನ ಹೆಣವಿತ್ತು. ಅವಳ ಕತ್ತಿನಲ್ಲಿ ನಾಟಿದ್ದ ಬಾಣದಿಂದ ತಿಪ್ಪಯ್ಯ ಕಣ್ಣು ಕೀಳದ್ದನ್ನು ಕಂಡು ಸೂರಯ್ಯ ಹೆಣವನ್ನು ಜಗಲಿಯ ಮೇಲೆ ಮಲಗಿಸಿದ.

“ಇದು ನಿನ್ ಕೈದಲ್ಲ ಬಿಡು ಮಾವಯ್ಯ. ನಿನ್ ಬಾಣ ಹಿಂಗೆ ದಾರಿ ತಪ್ಪಲ್ಲ” ಎಂದು ಸಮಾಧಾನ ಹೇಳಿದ.

ತಿಪ್ಪಯ್ಯ ಎದ್ದು ಗುಡ್ಡದ ಕಡೆಗೆ ನಡೆದುಬಿಟ್ಟ. ಮುಂದೆ ಬದುಕಿದಷ್ಟು ದಿನವೂ ಗುಡ್ಡ ಸುತ್ತುತ್ತ ‘ಎಡಗರಿ, ಎಡಗರಿ’ ಎನ್ನುತ್ತಿದ್ದನಂತೆ. ಹುಚ್ಚನ ಮಾತೆಂದು ನಗುತ್ತಲೇ ಜನ ಗುಡ್ಡಕ್ಕೆ ಆ ಹೆಸರಿಟ್ಟರು. ಅವನು ಸತ್ತ ಮೇಲೆ ಇನ್ನೊಬ್ಬ ಬಾಣಗಾರ ಉಳಿದ ಬಾಣಗಳನ್ನು ಬಿಚ್ಚಿ ನೋಡಿದಾಗ ಆ ನಗು ನಿಂತಿತು. ಇದನ್ನು ವಿಧಿ ಎನ್ನುವವರಿದ್ದಾರೆ. ಹೆತ್ತವನ ಕೈಯಿಂದಲೇ ಇಂಥದ್ದನ್ನು ಮಾಡಿಸುವ ವಿಧಿಗೆ ಬೆಂಕಿ ಬೀಳಲಿ.

ಮಗ್ಗುಲ ಬಂಡೆಯ ಬಳಿ ಇಂದಿಗೂ ಸವೆದ ಕಲ್ಲೊಂದಿದೆ. ಕೈಯಲ್ಲಿ ಆಯುಧವಿಲ್ಲದ, ಮೊಣಕಾಲು ಕಟ್ಟಿ ಕುಳಿತ ಹೆಣ್ಣನ್ನು ಅದರಲ್ಲಿ ಕೆತ್ತಿದ್ದಾರೆ. ನೋಡಲು ಬಂದವರು ಯಾವ ಪಾಳೆಯಗಾರ ಗೆದ್ದ ಎಂದು ಕೇಳುತ್ತಾರೆ. ಊರಿನವರಿಗೆ ಅದು ನೆನಪಿಲ್ಲ. ಅವಳು ಮಾತ್ರ ಅಪ್ಪ ಹೇಳಿದ ಜಾಗದಲ್ಲೇ, ಕದಲದೆ ಕುಳಿತಿದ್ದಾಳೆ.