ಎಲ್ಲ ಕೈ ಎದ್ದ ಮಧ್ಯಾಹ್ನ

ಹೆಪ್ಪಿನ ಗಡಿಗೆ ಒಡೆದು ಬಿದ್ದಿತ್ತು.

ಹೊಳೆ ದಂಡೆಯ ಆ ಗುರುಮನೆಯಲ್ಲಿ ಅದು ಸಣ್ಣ ಮಾತಲ್ಲ. ಗುರು ಗಂಗವ್ವನವರಿಗೆ ಅವರ ಗುರು ಕೊಟ್ಟಿದ್ದ ಹೆಪ್ಪು ಅದು. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪಾಗುತ್ತ, ಒಂದು ದಿನವೂ ತಪ್ಪದೆ ನಡೆದುಬಂದಿತ್ತು. ಈಗ ಅಡಿಗೆಮನೆಯ ನೆಲದ ಮೇಲೆ ಇರುವೆಗಳ ಪಾಲಾಗಿತ್ತು.

ಅಲ್ಲಿ ಕಲಿಯುತ್ತಿದ್ದ ಹುಡುಗಿಯರು ಬೇವಿನ ಮರದ ಕೆಳಗೆ ಗಂಗವ್ವನವರ ಸುತ್ತ ಕೂತರು. ಎಲ್ಲರೂ ಹನ್ನೊಂದು, ಹನ್ನೆರಡರ ವಯಸ್ಸಿನವರು. ಶಿವಕ್ಕ ಮಾತ್ರ ಒಂದು ವರ್ಷ ದೊಡ್ಡವಳು. ಅವಳ ಮಾತೇ ಮಾತು.

ತಪ್ಪಿಗೆ ಶಿಕ್ಷೆ ಹೇಳುವುದು ಆ ಮನೆಯಲ್ಲಿ ಗುರುವಿನ ಕೆಲಸವಲ್ಲ, ಮಕ್ಕಳದೇ. ತಪ್ಪು ಹೊತ್ತವಳನ್ನು ಬಿಟ್ಟು ಉಳಿದ ಎಲ್ಲರ ಕೈ ಎದ್ದರೆ ಶಿಕ್ಷೆ. ಒಂದೇ ಒಂದು ಕೈ ಕೆಳಗೆ ಉಳಿದರೂ ಇಲ್ಲ. ಮಕ್ಕಳು ಒಟ್ಟಾಗಿ ಹೇಳಿದ್ದನ್ನು ಗುರುವೂ ಮೀರುವಂತಿರಲಿಲ್ಲ.

"ಗಡಿಗಿ ಒಡದಾಕಿ ದ್ಯಾಮವ್ವ," ಎಂದಳು ಶಿವಕ್ಕ. "ಇಕೀನ್ನ ಮನೀಗೆ ಕಳಸ್ರಿ. ಹೌದಲ್ಲ, ನೀಲಿ?"

"ಹೌದಕ್ಕಾ. ಇಕೀನ."

ದ್ಯಾಮವ್ವ ಹೊಸಬಳು. ಬಂದವಳೇ ಪಾಠದಲ್ಲಿ ಶಿವಕ್ಕನನ್ನು ಹಿಂದೆ ಹಾಕಿದ್ದಳು.

ಸುತ್ತ ಕೂತವರಲ್ಲಿ ಬಸಲಿಂಗಿಗೆ ಮಾತ್ರ ನಿಜ ಗೊತ್ತಿತ್ತು. ಗಡಿಗೆ ಒಡೆದ ಸಪ್ಪಳ ಕೇಳಿದಾಗ ದ್ಯಾಮವ್ವ ಕೊಟ್ಟಿಗೆಯ ಹಿಂದೆ ಇದ್ದಳು. ಬಸಲಿಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೀರಣಿಗೆಯಿಂದ ಹೇನು ತೆಗೆಯುತ್ತಿದ್ದಳು.

"ಯಾರ ಮುಂದೂ ಹೇಳಬ್ಯಾಡ," ಎಂದು ಬಸಲಿಂಗಿಯೇ ಆಣೆ ಹಾಕಿಸಿಕೊಂಡಿದ್ದಳು.

ಹೋದ ವರ್ಷ ಒಬ್ಬಳ ತಲೆಯಲ್ಲಿ ಹೇನು ಕಂಡದ್ದೇ ತಡ, ಶಿವಕ್ಕ ಅವಳಿಗೆ ಹೇನುಬುರುಕಿ ಎಂದು ಹೆಸರಿಟ್ಟಿದ್ದಳು. ಊಟಕ್ಕೆ ಅವಳ ಪಕ್ಕ ಯಾರೂ ಕೂರಲಿಲ್ಲ. ಮಳೆಗಾಲದಲ್ಲಿ ಅಳುತ್ತ ಊರಿಗೆ ಹೋದ ಆ ಹುಡುಗಿ ತಿರುಗಿ ಬರಲೇ ಇಲ್ಲ.

ಗಂಗವ್ವನವರು ಕೇಳಿದರು, "ಆವಾಗ ಎಲ್ಲಿದ್ದಿ, ದ್ಯಾಮವ್ವಾ?"

"ಕೊಟ್ಟಿಗಿ ಹಿಂದ ಇದ್ದೆರೀ, ಅವ್ವಾರ."

"ಏನ್ ಮಾಡ್ತಿದ್ದಿ?"

"ಹೇಳಾಕ ಬರಂಗಿಲ್ರೀ."

"ಜೋಡಿ ಯಾರಿದ್ರು?"

ದ್ಯಾಮವ್ವ ಬಸಲಿಂಗಿಯ ಕಡೆ ತಿರುಗಲಿಲ್ಲ. ನೆಲ ನೋಡುತ್ತ ಅಂದಳು, "ಹೇಳಂಗಿಲ್ಲ ಅಂತ ಮಾತು ಕೊಟ್ಟೀನ್ರೀ."

"ಕೇಳಿದ್ರೇನು? ಮಾತು ಕೊಟ್ಟಾಳಂತ!" ಶಿವಕ್ಕ ನಕ್ಕಳು. ಉಳಿದವರೂ ನಕ್ಕರು. ಶಿವಕ್ಕನ ಕೈ ಎದ್ದಿತು. ನೀಲಿಯದು ಎದ್ದಿತು.

ಯಾರದಾದರೂ ಒಂದು ಕೈ ಕೆಳಗೆ ಉಳಿದೀತು ಎಂದು ಬಸಲಿಂಗಿ ಸುತ್ತ ನೋಡಿದಳು. ಒಂದೊಂದಾಗಿ ಎಲ್ಲವೂ ಮೇಲೆ ಹೋದವು. ಉಳಿದದ್ದು ಅವಳದೇ.

"ಏನ ಬಸಲಿಂಗಿ, ಇಕೀ ಗೆಳತಿ ಏನು ನೀ?" ಎಂದಳು ಶಿವಕ್ಕ.

ಯಾರೋ ಕಿಸಕ್ಕೆಂದರು. ಬಸಲಿಂಗಿಯ ನೆತ್ತಿ ಕೆರೆಯುತ್ತಿತ್ತು. ಕೆರೆದುಕೊಳ್ಳುವ ಧೈರ್ಯ ಬರಲಿಲ್ಲ.

ಅವಳ ಕೈ ಎದ್ದಿತು.

ದ್ಯಾಮವ್ವ ಆಗ ತಲೆ ಎತ್ತಿದಳು. ಆ ಕೈಯನ್ನು ನೋಡಿದಳು.

ಗಂಗವ್ವನವರು ಸುಮಾರು ಹೊತ್ತು ಕಾದರು. ಯಾವ ಕೈಯೂ ಇಳಿಯಲಿಲ್ಲ.

"ಆತು," ಎಂದು ಎದ್ದು ಒಳಗೆ ಹೋದರು.

ದ್ಯಾಮವ್ವ ತನ್ನ ಗಂಟು ಹಿಡಿದು ಹೊರಗೆ ಬಂದಳು. ಅವಳ ಹಿಂದೆಯೇ ಗಂಗವ್ವನವರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

ಹುಡುಗಿಯರು ದಡಬಡಿಸಿ ಎದ್ದರು.

"ಅವ್ವಾರ! ನೀವೆಲ್ಲಿಗ್ರೀ?" ಶಿವಕ್ಕನ ದನಿ ಸೀಳಿತು. "ನಾವು ಇಕೀಗಷ್ಟ ಹೇಳಿದ್ದು!"

ಗಂಗವ್ವನವರು ಅಂಗಳ ದಾಟಿದರು.

ಬಸಲಿಂಗಿ ಓಡಿದಳು. ಹೊಳೆಯ ಹಾದಿಗೆ ಅಡ್ಡ ನಿಂತು ಕೂಗಿದಳು, "ಅಕಿ ಒಡದಿಲ್ರೀ! ನನ್ನ ತಲ್ಯಾಗಿನ ಹೇನು ತಗೀತಿದ್ಳು! ನನಗ ಹೇನು ಆಗ್ಯಾವ್ರೀ, ತಲಿ ತುಂಬ ಆಗ್ಯಾವು!"

ಹಿಂದೆ ಓಡಿಬಂದವರಲ್ಲಿ ಒಬ್ಬರೂ ನಗಲಿಲ್ಲ.

"ಹಂಗಾದ್ರ ಅಕಿ ಒಡದದ್ದು ಕಂಡವರ್‍ಯಾರು?" ಎಂದರು ಗಂಗವ್ವನವರು.

ಎಲ್ಲರೂ ಶಿವಕ್ಕನ ಕಡೆ ನೋಡಿದರು.

"ನಾ ಕಂಡಿಲ್ರೀ," ಎಂದಳು ಶಿವಕ್ಕ. "ನೀಲಿ ಕಂಡಾಳಂತ ತಿಳಕೊಂಡಿದ್ದೆ."

"ನಾ ಎಲ್ಲಿ ಕಂಡೆ?" ನೀಲಿ ಶಿವಕ್ಕನತ್ತ ತಿರುಗಿದಳು. "ನೀ 'ಹೌದಲ್ಲ' ಅಂದಿ, ನಾ 'ಹೌದು' ಅಂದೆ."

"ನೀವಿಬ್ರೂ ಎತ್ತೀರಿ ಅಂತ ನಾ ಎತ್ತಿದೆ," ಎಂದಳು ಇನ್ನೊಬ್ಬಳು.

ಉಳಿದವರು ತಮ್ಮ ತಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಕಂಡವರು ಒಬ್ಬರೂ ಇರಲಿಲ್ಲ. ಗಡಿಗೆ ಒಡೆದದ್ದು ಬೆಕ್ಕೋ ಗಾಳಿಯೋ, ಅದು ಕೊನೆಗೂ ತಿಳಿಯಲಿಲ್ಲ.

"ದ್ಯಾಮವ್ವಾ," ಎಂದಳು ಬಸಲಿಂಗಿ, "ಒಳಗ ಬಾ. ಕೈ ಮುಗೀತೀನಿ."

"ಇಲ್ಲ."

"ನಾ ಖರೇ ಹೇಳಿದೆನಲ್ಲ!"

"ಹೇಳಿದಿ. ಆದ್ರ ನಾ ಈಗ ನಿಮ್ಮ ನಡುವ ಕುಂತು ಉಣ್ಣಲಾರೆ. ತುತ್ತು ಇಳಿಯಂಗಿಲ್ಲ."

ನಿಜ ಹೇಳಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ಬಸಲಿಂಗಿ ನಂಬಿದ್ದಳು. ಹಾಗಾಗದೆಯೂ ಇರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದ್ಯಾಮವ್ವ ಅವಳ ಪಕ್ಕದಿಂದ ಸರಿದು ಮುಂದೆ ನಡೆದಳು. ಗಂಗವ್ವನವರು ಕೋಲೂರಿ ಅವಳ ಹಿಂದೆ ಹೆಜ್ಜೆ ಹಾಕಿದರು.

ಬಸಲಿಂಗಿ ಅವರ ಕಂಬಳಿಯ ಅಂಚು ಹಿಡಿದಳು.

"ನೀವರ ನಿಂದರ್‍ರಿ, ಅವ್ವಾರ. ನೀವು ಗುರು. ಶಿಷ್ಯಳ ಹಿಂದ ಯಾಕ ಹೊಂಟೀರಿ?"

ಗಂಗವ್ವನವರು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು.

"ಮನಿ ಬಿಟ್ರೂ ಕೊಟ್ಟ ಮಾತು ಬಿಡಲಿಲ್ಲ ಅಕಿ. ನನಗೂ ಒಬ್ರು ಗುರು ಬೇಕಲ್ಲವ್ವಾ."